ಕಾರಿನ ಯೂನಿಟ್ಟನ್ನು ಮನೆಯ ಯೂನಿಟ್ಟಿಗೆ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ನಾನು ಎಲೆಕ್ಟ್ರಿಕ್ ಕಾರು ತೆಗೆದುಕೊಂಡ ಮೇಲೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ರೋಡ್ ಟ್ಯಾಕ್ಸ್ ಎಷ್ಟಾಯ್ತು?" ಕರೆಂಟ್ ಬಿಲ್ಲಿನ ವಿಷಯ ಯಾರೂ ಕೇಳುವುದಿಲ್ಲ. ಕಾರು ತೆಗೆದುಕೊಳ್ಳುವಾಗ ನಾನೂ ಅದನ್ನು ಯೋಚಿಸಿರಲಿಲ್ಲ.

ಟ್ಯಾಕ್ಸಿನ ಬಗ್ಗೆ ನನಗೆ ತಕರಾರಿಲ್ಲ. ಕೇರಳದಲ್ಲಿ 2025ರ ಏಪ್ರಿಲ್‌ನಿಂದ 15 ಲಕ್ಷದವರೆಗಿನ ಎಲೆಕ್ಟ್ರಿಕ್ ಕಾರಿಗೆ ಶೇ 5, 20 ಲಕ್ಷದವರೆಗೆ ಶೇ 8, ಅದರ ಮೇಲಕ್ಕೆ ಶೇ 10. ಗಡಿಯಾಚೆ ಕರ್ನಾಟಕದಲ್ಲಿ ಹಲವು ವರ್ಷ ಪೂರ್ತಿ ವಿನಾಯಿತಿ ಇತ್ತು. 2024ರಲ್ಲಿ ಅಲ್ಲಿಯೂ 25 ಲಕ್ಷ ಮೀರಿದ ಕಾರಿಗೆ ಶೇ 10 ಹಾಕಿದರು. ಪೆಟ್ರೋಲ್ ಹಾಕಿಸುವವರು ಲೀಟರಿಗೆ ಇಷ್ಟು ಅಂತ ರಸ್ತೆಯ ಸೆಸ್ ಕೊಡುತ್ತಾರೆ. ಅದೇ ರಸ್ತೆಯಲ್ಲಿ ಓಡಾಡುವ ನಾವೂ ಕೊಡಬೇಕಲ್ವಾ?

ನನ್ನ ಬೇಸರ ಇರುವುದು ಕರೆಂಟಿನ ಸ್ಲ್ಯಾಬ್ ಬಗ್ಗೆ, ಅಂದರೆ ಬಳಸಿದ ಯೂನಿಟ್ ಹೆಚ್ಚಿದಂತೆ ದರ ಏರುವ ಲೆಕ್ಕದ ಬಗ್ಗೆ.

ಇಲ್ಲಿ ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ, ಮೊದಲ ಯೂನಿಟ್ಟುಗಳು ಅಗ್ಗಕ್ಕೆ ಸಿಗುತ್ತವೆ. 250 ದಾಟಿತೋ, ಆ ಅಗ್ಗದ ಮೆಟ್ಟಿಲುಗಳೇ ಇಲ್ಲ. ಮೊದಲ ಯೂನಿಟ್ಟಿನಿಂದಲೇ ದೊಡ್ಡ ದರ. ನಮ್ಮ ಮನೆಗೆ ತಿಂಗಳಿಗೆ 160 ಯೂನಿಟ್ ಸಾಕು. ಮಂಗಳೂರಿಗೆ ಹೋಗಿ ಬಂದರೆ ನೂರು ಕಿಲೋಮೀಟರ್ ಮೇಲಾಗುತ್ತದೆ. ಅಮ್ಮನ ಆಸ್ಪತ್ರೆ, ನೆಂಟರ ಮನೆ ಎಲ್ಲ ಸೇರಿ ತಿಂಗಳಿಗೆ ಸಾವಿರ ಕಿಲೋಮೀಟರ್. ಅದಕ್ಕೆ ಇನ್ನೊಂದು 150 ಯೂನಿಟ್. ಎರಡು ತಿಂಗಳ ಬಿಲ್ಲು ಸುಮಾರು 1,800 ಬರುತ್ತಿದ್ದದ್ದು 5,600ರ ಹತ್ತಿರ ಬಂತು. ಮೀಟರ್ ಕೆಟ್ಟಿರಬೇಕು ಅಂತ ರಾತ್ರಿ ಚಾರ್ಜಿಗೆ ಹಾಕುವ ಮುಂಚೆ ಒಮ್ಮೆ, ಬೆಳಿಗ್ಗೆ ಪ್ಲಗ್ ತೆಗೆದ ಮೇಲೆ ಒಮ್ಮೆ, ಟಾರ್ಚ್ ಹಿಡಿದು ರೀಡಿಂಗ್ ಬರೆದಿಟ್ಟೆ. ವಾರ ಪೂರ್ತಿ ಬರೆದೆ. ಮೀಟರ್ ಸರಿಯಾಗಿಯೇ ಇತ್ತು. ಕಾರಿನಿಂದಾಗಿ ಫ್ಯಾನು, ಮಿಕ್ಸಿ, ಫ್ರಿಡ್ಜಿನ ಕರೆಂಟಿಗೂ ಜಾಸ್ತಿ ದರ ಬಿದ್ದಿತ್ತು.

ಹಾಗಂತ ಕಾರು ನಷ್ಟ ಎಂದು ಯಾರೂ ತಿಳಿಯಬಾರದು. ಆ ಎರಡು ಸಾವಿರ ಕಿಲೋಮೀಟರಿಗೆ ಪೆಟ್ರೋಲ್ ಕಾರಿನಲ್ಲಿ 13,000 ರೂಪಾಯಿ ಆಗುತ್ತಿತ್ತು. ಆದರೆ ಪೆಟ್ರೋಲಿನವರು ಲೀಟರಿಗೆ ನಾಲ್ಕು ರೂಪಾಯಿ ಉಳಿಸಲು ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರಬಹುದು. ನಮಗೆ ಮನೆಯ ಪ್ಲಗ್ಗೇ ಗತಿ. ಪೆರ್ಲ, ಮುಳ್ಳೇರಿಯದಂಥ ಒಳಗಿನ ಊರಿನವರು ಚಾರ್ಜಿಗೋಸ್ಕರ ಹೆದ್ದಾರಿಯವರೆಗೆ ಇಳಿಯುವುದು ಆಗುವ ಮಾತಲ್ಲ.

ಅಡಿಕೆ ತೋಟಕ್ಕೆ ನೀರು ಹಾಯಿಸುವ ಪಂಪಿಗೆ ಬೇರೆ ಮೀಟರ್ ಇದೆ, ಬೇರೆ ದರ ಇದೆ. ಅದರ ಯೂನಿಟ್ಟನ್ನು ಯಾರೂ ಅಡುಗೆಮನೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಮನೆಯ ಕಾರಿಗೂ ಹಾಗೆಯೇ ಮಾಡಲಿ. ಯೂನಿಟ್ಟಿಗೆ ಒಂದೇ ನ್ಯಾಯವಾದ ದರ ಇಡಲಿ. ರಸ್ತೆಗೆ ದುಡ್ಡು ಸಾಲದಿದ್ದರೆ ಆ ಮೀಟರಿನ ಯೂನಿಟ್ಟಿನ ಮೇಲೆಯೇ ಇಷ್ಟು ಪೈಸೆ ಅಂತ ರಸ್ತೆ ತೆರಿಗೆಯನ್ನೂ ಹಾಕಲಿ. ಜಾಸ್ತಿ ಓಡಿಸಿದವರು ಜಾಸ್ತಿ ಕೊಡುತ್ತಾರೆ. ಅದನ್ನು ಕೊಡಲು ನಾನು ಸಿದ್ಧ.

ಇತಿ,
ನಿಮ್ಮ ಓದುಗ, ಬದಿಯಡ್ಕ