ರೋಹಿಣಿ ಎಂಬ ಹೆಸರಿನ ಮಗಳಿಗೊಂದು ಪತ್ರ

ಚಿ. ರೋಹಿಣಿಗೆ ಅಪ್ಪಯ್ಯನ ಆಶೀರ್ವಾದಗಳು.

ನಿಮ್ಮ ಆಯುರ್ವೇದ ಕಾಲೇಜಿನಲ್ಲಿ, ಸುಶ್ರುತ ಸಂಹಿತೆಯ ಪಾಠದಲ್ಲಿ, ಗಂಟಲಿನ ರೋಗಗಳ ಸಾಲಿನಲ್ಲಿ ನಿನ್ನ ಹೆಸರೇ ಬಂದು, ತರಗತಿಯವರೆಲ್ಲ ನಿನ್ನತ್ತ ತಿರುಗಿ ನಕ್ಕರೆಂದು ಫೋನಿನಲ್ಲಿ ಅತ್ತೆಯಲ್ಲ? ಹೆಸರು ಬದಲಿಸಿಕೊಳ್ಳುವ ಮಾತನ್ನೂ ಆಡಿದೆ. ಫೋನಿನಲ್ಲಿ ಮುಗಿಸುವ ವಿಷಯವಲ್ಲವೆಂದು ಕಾಗದ ಬರೆಯುತ್ತಿದ್ದೇನೆ.

ಅಜ್ಜಿ ಮಳೆಯನ್ನು ನೋಡಿ ಇಟ್ಟ ಹೆಸರು ಅದು. ಮೇ ಕೊನೆಗೆ ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದಾಗ ಸುರಿಯುವ ಮಳೆ. ನೀನು ಹುಟ್ಟಿದ ವಾರ ತೀರ್ಥಹಳ್ಳಿಯ ಕಡೆ ಅದು ಚೆನ್ನಾಗಿ ಹಿಡಿದಿತ್ತು, ಗದ್ದೆಯಲ್ಲಿ ಸಸಿಮಡಿಯ ಕೆಲಸ ನಡೆದಿತ್ತು. ಸಂಸ್ಕೃತದಲ್ಲಿ ‘ರುಹ್’ ಎಂದರೆ ಮೊಳೆಯುವುದು, ಬೆಳೆಯುವುದು. ಗಂಟಲಲ್ಲಿ ಮಾಂಸದ ಮೊಳಕೆ ಎದ್ದು ಉಸಿರು ಕಟ್ಟಿಸುವ ರೋಗದ ಹೆಸರಿನಲ್ಲೂ ಅದೇ ಧಾತು ಇದೆ. ಆದರೆ ಚರ್ಮದ ಏಳು ಪದರಗಳಲ್ಲಿ ಆರನೆಯದನ್ನೂ ಸುಶ್ರುತ ರೋಹಿಣಿ ಎಂದೇ ಕರೆದಿದ್ದಾನೆ, ಮಾಯುತ್ತಿರುವ ಗಾಯಕ್ಕೆ ಆಯುರ್ವೇದದಲ್ಲಿ ‘ರುಹ್ಯಮಾಣ’ ಎನ್ನುತ್ತಾರೆ. ನಕ್ಕವರಿಗೆ ಆ ಪುಟಗಳನ್ನೂ ತೋರಿಸು.

ರೋಗ ಮಾತ್ರ ನಗುವಂಥದ್ದಲ್ಲ, ಮಗಳೇ. ಗ್ರಂಥದಲ್ಲಿರುವ ಐದು ಬಗೆಯ ರೋಹಿಣಿಯನ್ನು ಈಗಿನ ವೈದ್ಯರು ಡಿಫ್ತೀರಿಯಾದೊಂದಿಗೆ ಹೋಲಿಸುತ್ತಾರೆ. ಕನ್ನಡದಲ್ಲಿ ಗಂಟಲಮಾರಿ. ನನ್ನ ಅಕ್ಕ ಅದರಿಂದಲೇ ತೀರಿಕೊಂಡಳು. ಜ್ವರ, ಊದಿದ ಕುತ್ತಿಗೆ, ಗಂಟಲೊಳಗೆ ಬೂದು ಬಣ್ಣದ ಪೊರೆ. ಆಷಾಢದ ಮಳೆಗೆ ಹೊಳೆ ತುಂಬಿತ್ತು, ದೋಣಿ ಬಿಡುವವರಿರಲಿಲ್ಲ. ಈ ರೋಗದ ಕ್ರಿಮಿ ಬಿಡುವ ವಿಷಕ್ಕೆ ಪ್ರತಿವಿಷವಿದೆಯೆಂದು ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಸಾಟೊ 1890ರಲ್ಲೇ ತೋರಿಸಿದ್ದರು. ವೈದ್ಯಕೀಯದ ಮೊದಲ ನೊಬೆಲ್ 1901ರಲ್ಲಿ ಬೆರಿಂಗ್ ಅವರಿಗೆ ಸಿಕ್ಕಿದ್ದು ಈ ಕೆಲಸಕ್ಕೇ. ಅದು ನಮ್ಮ ಹೊಳೆ ದಾಟಿ ಬರಲು ಎಂಬತ್ತು ವರ್ಷವೂ ಸಾಲಲಿಲ್ಲ. ಈ ರೋಗವನ್ನು ತಡೆಯುವ ಲಸಿಕೆಯೂ ಸೇರಿದ್ದ, ಮಕ್ಕಳ ಲಸಿಕೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. ಅಷ್ಟರಲ್ಲಿ ಅಕ್ಕ ಹೋಗಿಯಾಗಿತ್ತು.

ಮಗಳನ್ನು ಕೊಂಡೊಯ್ದ ರೋಗಕ್ಕೂ ಮೊಮ್ಮಗಳಿಗೂ ಒಂದೇ ಹೆಸರೆಂದು ಅಜ್ಜಿಗೆ ಗೊತ್ತಿಲ್ಲ. ನಾನು ಹೇಳಿಲ್ಲ, ನೀನೂ ಹೇಳಬೇಡ. ಬಾಯ್ತುಂಬ ಕರೆಯುತ್ತಾರೆ, ಕರೆಯಲಿ. ಹೆಸರು ನಿನ್ನದು, ತೀರ್ಮಾನವೂ ನಿನ್ನದೇ. ಆದರೆ ನನ್ನನ್ನು ಕೇಳಿದರೆ ಬದಲಿಸಬೇಡ ಎನ್ನುತ್ತೇನೆ. ಆ ರೋಗವನ್ನು ಗಂಟಲು ನೋಡಿದೊಡನೆ ಗುರುತಿಸಿ, ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸುವ ವೈದ್ಯೆಯ ಹೆಸರು ರೋಹಿಣಿ ಎಂದಾಗಲಿ ಎಂಬುದು ನನ್ನ ಆಸೆ.

ಇನ್ನೊಂದು ವಿಷಯ. ಈ ಲಸಿಕೆಯ ಬಲ ವರ್ಷ ಕಳೆದಂತೆ ಕುಗ್ಗುತ್ತದೆ. ನೀನಿನ್ನು ರೋಗಿಗಳ ನಡುವೆ ಓಡಾಡುವವಳು. ಹದಿನಾರನೇ ವಯಸ್ಸಿನಲ್ಲಿ ಹಾಕಿಸಿದ, ಧನುರ್ವಾಯು ಮತ್ತು ಗಂಟಲಮಾರಿ ಎರಡನ್ನೂ ತಡೆಯುವ ಟಿಡಿ ಚುಚ್ಚುಮದ್ದಿನ ಚೀಟಿಯನ್ನು ಲಕೋಟೆಯಲ್ಲಿಟ್ಟಿದ್ದೇನೆ. ಮತ್ತೆ ಯಾವಾಗ ಹಾಕಿಸಬೇಕೆಂದು ಆಸ್ಪತ್ರೆಯಲ್ಲಿ ಕೇಳಿ ನನಗೆ ತಿಳಿಸು.

ಇಂತಿ,
ನಿನ್ನ ಅಪ್ಪಯ್ಯ