ಮಗ ಪಾಸಾದ, ಜೊತೆಗೆ ನನ್ನ ತಮ್ಮನೂ ಓದಲು ಕಲಿತ

ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಸೆಕೆಂಡ್ ಕ್ಲಾಸು. ಫೋನ್ ಮಾಡಿದವರಿಗೆಲ್ಲ ಅದೇ ಕಥೆ ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಒಟ್ಟಿಗೆ ಇಲ್ಲೇ ಬರೆದುಬಿಡುತ್ತೇನೆ. ಥ್ಯಾಂಕ್ಸ್ ಹೇಳಬೇಕಾದವರು ಜಾಸ್ತಿ ಇದ್ದಾರೆ.

ಗೊತ್ತಿಲ್ಲದವರಿಗೆ: ಅವನಿಗೆ ಡಿಸ್ಲೆಕ್ಸಿಯಾ ಇದೆ. ಓದುವುದೂ ಕಷ್ಟ, ಸ್ಪೆಲ್ಲಿಂಗೂ ಕಷ್ಟ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಪಾಠ ಕೇಳಿಸಿಕೊಂಡರೆ ಪೂರ್ತಿ ತಿರುಗಿ ಹೇಳುತ್ತಾನೆ, ಅದನ್ನೇ ಬರಿ ಅಂದರೆ ನಾಲ್ಕು ಸಾಲಿಗೆ ಬೆವರುತ್ತಾನೆ. ನಮ್ಮ ಮನೆ ಮಾತು ತೆಲುಗು, ಸ್ಕೂಲು ಕನ್ನಡ. ಬಳ್ಳಾರಿಯಲ್ಲಿ ಎಷ್ಟೋ ಮನೆ ಹೀಗೇ ಅಲ್ವಾ? ಮೊದಲಿದ್ದ ಸ್ಕೂಲಿನವರು ಎಲ್ಲಾ ತಪ್ಪನ್ನೂ ಆ ತೆಲುಗಿನ ತಲೆಗೆ ಕಟ್ಟಿದರು. ಮನೆಯಲ್ಲಿ ಕನ್ನಡ ಮಾತಾಡಿ, ತಾನೇ ಸರಿಹೋಗುತ್ತದೆ ಅಂದರು. ಪಕ್ಕದ ಮನೆ ಹುಡುಗಿಯದೂ ತೆಲುಗೇ, ಅವಳು ಅದೇ ಕ್ಲಾಸಿನಲ್ಲಿ ಪಟಪಟ ಓದುತ್ತಿದ್ದಳು, ಅದಕ್ಕೆ ಮಾತ್ರ ಉತ್ತರ ಇರಲಿಲ್ಲ. ಕೊನೆಗೆ ಟಿಸಿ ತಗೊಂಡು ಹೋಗಿ ಅಂದರು. ಹೆಸರು ಬೇಡ, ಬಿಡಿ.

ಹಾಗಾಗಿ ಮೊದಲ ನಮಸ್ಕಾರ ನಮ್ಮ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಸರ್‌ಗೆ. ಆರನೇ ಕ್ಲಾಸಿಗೆ ಸೇರಿಸಿಕೊಂಡಿದ್ದಷ್ಟೇ ಅಲ್ಲ, ಇವನನ್ನು ಒಮ್ಮೆ ನೋಡಿ ಅಂತ ಬಿಆರ್‌ಸಿಯಿಂದ, ಅಂದರೆ ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರದಿಂದ, ಒಬ್ಬ ಮೇಡಂನ ಕರೆಸಿದರು. ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ ಇಂಥ ಮಕ್ಕಳಿಗೆ ಅಂತಲೇ ಬಿಐಇಆರ್‌ಟಿ ಶಿಕ್ಷಕರ ಹುದ್ದೆ ಇದೆ. ಎಷ್ಟು ಜನ ಅಪ್ಪ-ಅಮ್ಮಂದಿರಿಗೆ ಗೊತ್ತು ಹೇಳಿ.

ಆ ಮೇಡಂ ಬಗ್ಗೆ ಬರೆದರೆ ಒಂದು ಪುಸ್ತಕ ಆಗುತ್ತದೆ. ಅವನು ‘ಸೂರ್ಯ’ ಬದಲು ‘ಸೂಯ’ ಅಂತ ಬರೆದಿದ್ದ. ಬೈಯಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ನೋಡಮ್ಮ, ಬಾಯಲ್ಲಿ ‘ರ್’ ಮೊದಲು ಬರುತ್ತೆ, ಆದ್ರೆ ಕೈ ಅರ್ಕಾವತ್ತನ್ನು ಕೊನೆಗೆ ಬರೆಯುತ್ತೆ, ಇವನು ಅಲ್ಲೇ ಸಿಕ್ಕಿಹಾಕಿಕೊಳ್ತಾನೆ ಅಂದರು. ‘ಬಸ್ಸು’ ಕೂಡ ಹಾಗೇ. ಮೊದಲು ‘ಸು’ ಬರೆದು ಆಮೇಲೆ ಕೆಳಗೆ ಒತ್ತು ಕೊಡುತ್ತೇವೆ, ಬಾಯಲ್ಲಿ ಮಾತ್ರ ‘ಉ’ ಬರುವುದು ಎರಡನೇ ಸಕಾರ ಆದ ಮೇಲೆ. ಇಷ್ಟು ವರ್ಷ ಕನ್ನಡ ಬರೆದಿದ್ದೇನೆ, ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇಂಗ್ಲಿಷಿನಷ್ಟು ಗೋಜಲು ನಮ್ಮಲ್ಲಿ ಇಲ್ಲ, ಬರೆದಂತೆ ಓದುತ್ತೇವೆ. ಅದಕ್ಕೇ ಇಂಥ ಮಕ್ಕಳು ಹೇಗೋ ತಡವರಿಸಿಕೊಂಡು ಸರಿಯಾಗಿಯೇ ಓದಿಬಿಡುತ್ತಾರೆ, ಆದರೆ ತುಂಬಾ ನಿಧಾನ. ನಿಧಾನ ಅಂದರೆ ಸೋಮಾರಿ ಅಂತ ಹಣೆಪಟ್ಟಿ ಬೀಳುತ್ತದೆ.

ನಿಮ್ಹಾನ್ಸ್‌ಗೆ ಕಳಿಸಿದ್ದೂ ಅವರೇ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಕಣ್ಣು, ಕಿವಿ ಸರಿ ಇದೆಯಾ ಅಂತ ನೋಡಿದರು, ಬುದ್ಧಿಮಟ್ಟ ನೋಡಿದರು, ಆಮೇಲೆ ಓದಿಸಿ, ಬರೆಸಿ, ಲೆಕ್ಕ ಮಾಡಿಸಿ ನೋಡಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇರುವ 21 ತೊಂದರೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಒಂದು. ಆಗಿದ್ದ 2018ರ ಮಾರ್ಗಸೂಚಿ ಪ್ರಕಾರ 8 ವರ್ಷ ತುಂಬಿದ ಮೇಲೇ ಸರ್ಟಿಫಿಕೇಟು, ಮತ್ತೆ 14ಕ್ಕೆ, 18ಕ್ಕೆ ಪರೀಕ್ಷೆ ಮಾಡಿಸಬೇಕಿತ್ತು. ‘ಅಂಗವಿಕಲ’ ಅಂತ ಕಾಗದ ಯಾಕೆ ಮಾಡಿಸ್ತೀಯಾ ಅಂತ ನೆಂಟರು ಮೂಗು ಮುರಿದರು. ಕಾಗದ ಇಲ್ಲದಿದ್ದರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ ಸ್ವಾಮಿ.

ಇನ್ನು ಕಲಿಸಿದ ರೀತಿ. ಕಣ್ಣು, ಕಿವಿ, ಕೈ ಮೂರೂ ಒಟ್ಟಿಗೆ ಕೆಲಸ ಮಾಡಬೇಕಂತೆ. ಅಮೆರಿಕದಲ್ಲಿ ಆರ್ಟನ್, ಗಿಲಿಂಗ್‌ಹ್ಯಾಮ್ ಅನ್ನುವ ಇಬ್ಬರು 1930ರ ದಶಕದಲ್ಲೇ ಶುರು ಮಾಡಿದ ದಾರಿ ಇದು. ಅಕ್ಷರದ ಮೇಲೆ ಬೆರಳಾಡಿಸಲು ಉಪ್ಪುಕಾಗದ ತನ್ನಿ ಅಂದರು ಮೇಡಂ. ನಾನು ಕೌಲ್ ಬಜಾರಿನ ಜೀನ್ಸ್ ಯೂನಿಟ್‌ಗಳಿಂದ ಬಂಡಲ್ ತಂದು ಮನೆಯಲ್ಲೇ ಹೊಲಿಯುವವಳು, ಮನೆ ತುಂಬಾ ತುಂಡು ಬಟ್ಟೆ. ಇದಾಗುತ್ತಾ ಮೇಡಂ ಅಂತ ಒಂದು ಜೀನ್ಸ್ ತುಂಡು ತೋರಿಸಿದೆ. ಮುಟ್ಟಿ ನೋಡಿ ನಕ್ಕು, ಇದೇ ಆಗುತ್ತೆ ಅಂದರು. ಅವತ್ತಿನಿಂದ ಮಾರ್ಕಿಂಗ್ ಚಾಕ್‌ನಲ್ಲಿ ಅಂಗೈಯಗಲ ಅಕ್ಷರ. ಅದರ ಮೇಲೆ ಬೆರಳು ಎಳೆಯುತ್ತಾ ಜೋರಾಗಿ ಹೇಳಬೇಕು. ಮೂಲ ಅಕ್ಷರ ಬಿಳಿ, ಗುಣಿತದ ಗುರುತು ಕೆಂಪು, ಒತ್ತು ಹಳದಿ. ‘ದ’ ಗಟ್ಟಿಯಾಗುವ ತನಕ ‘ಧ’ ಮುಟ್ಟುವ ಹಾಗಿಲ್ಲ, ‘ಥ’ ಅಂತೂ ಇಲ್ಲವೇ ಇಲ್ಲ. ದಿನಾ ಸ್ವಲ್ಪ ಹೊತ್ತು, ಆದರೆ ದಿನಾ. ಟ್ಯೂಷನ್ನಿಗೆ ಸುಮ್ನೆ ದುಡ್ಡು ಸುರಿದಿದ್ದೆವು, ಅಲ್ಲಿ ಕ್ಲಾಸಿನಲ್ಲಿ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿಸುತ್ತಿದ್ದರು, ಅಷ್ಟೇ.

ಇಲ್ಲೇ ನನ್ನ ತಮ್ಮ ಬರುತ್ತಾನೆ. ಅವನು ಹೇಳಬಹುದು ಅಂದಿದ್ದಾನೆ, ಅದಕ್ಕೆ ಹೇಳುತ್ತಿದ್ದೇನೆ. ಕಟಿಂಗ್ ಮಾಸ್ಟರ್. ಬಟ್ಟೆ ನೋಡಿಯೇ ಎಷ್ಟು ಪ್ಯಾಂಟ್ ಬೀಳುತ್ತದೆ ಅಂತ ಹೇಳುವ ಆಸಾಮಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಬಂಡಲ್ ಮೇಲಿನ ಚೀಟಿ ಓದಲು ಬಾರದೆ ಲಾಟ್‌ಗೆ ಒಂದೊಂದು ಬಣ್ಣದ ದಾರ ಕಟ್ಟಿ ಗುರುತು ಇಟ್ಟುಕೊಳ್ಳುತ್ತಿದ್ದ. ಸಂಜೆ ಟೀ ಕುಡಿಯಲು ಬಂದವನು ಅಳಿಯನ ಪಕ್ಕ ಕೂತ. ಮೊದಲು ತಮಾಷೆಗೆ. ಆಮೇಲೆ ಹುಡುಗ ಮಲಗಿದರೂ ಇವನು ಏಳುತ್ತಿರಲಿಲ್ಲ. ಮಾಮನಿಗೂ ಇದೇ ತೊಂದರೆ ಇರಬಹುದು, ಇದು ಮನೆತನದಲ್ಲಿ ಬರುತ್ತೆ ಅಂತ ಮೇಡಂ ಹೇಳಿದಾಗ ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಈಗ ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳದೆ ಸಿರುಗುಪ್ಪ ಬಸ್ ಹತ್ತುತ್ತಾನೆ, ಚೀಟಿ ತಾನೇ ಬರೆಯುತ್ತಾನೆ. ಉದ್ದ ಮೆಸೇಜ್ ಬಂದರೆ ಫೋನಿಗೇ ಓದಿ ಹೇಳು ಅನ್ನುತ್ತಾನೆ, ಅದರಲ್ಲಿ ನಾಚಿಕೆ ಏನಿದೆ? ಮಹಾಪ್ರಾಣ ಇನ್ನೂ ಕೈಕೊಡುತ್ತದೆ. ಇಂಗ್ಲಿಷಿನ ‘ನೈಫ್’ಗೆ ಕೆ ಯಾಕೆ ಬೇಕು ಅಂತ ಮಾಮ-ಅಳಿಯ ಇಬ್ಬರೂ ಜಗಳಕ್ಕೆ ಬರುತ್ತಾರೆ. ನನ್ನ ಹತ್ತಿರವೂ ಉತ್ತರ ಇಲ್ಲ.

ಪರೀಕ್ಷೆಗೆ ಮಗನ ಪರವಾಗಿ ಬರೆದುಕೊಟ್ಟ ಒಂಬತ್ತನೇ ಕ್ಲಾಸಿನ ಹುಡುಗನಿಗೆ ದೊಡ್ಡ ಥ್ಯಾಂಕ್ಸ್ ಕಣಪ್ಪಾ. ಇವನು ಹೇಳಿದ್ದನ್ನು ಒಂದು ಪದವೂ ಕೂಡಿಸದೆ, ಕಳೆಯದೆ ಬರೆದೆ. ನಿನ್ನನ್ನು ಕಳಿಸಿದ ನಿಮ್ಮ ಅಪ್ಪ-ಅಮ್ಮನಿಗೂ ಕೈ ಮುಗಿಯುತ್ತೇನೆ. ಹೆಚ್ಚುವರಿ ಸಮಯದ ಕಾಗದಪತ್ರವನ್ನು ಬೋರ್ಡಿಗೆ ಕಳಿಸಲು ಓಡಾಡಿದ ಶಾಲೆಯ ಕ್ಲರ್ಕ್ ಸರ್‌ಗೂ ಥ್ಯಾಂಕ್ಸ್. ಬೆಂಗಳೂರಿಗೆ ಹೋದಾಗೆಲ್ಲ ನನ್ನ ಬಂಡಲ್ ಹೊಲಿದುಕೊಟ್ಟು ಕೂಲಿ ಪೂರ್ತಿ ನನಗೇ ಕೊಟ್ಟ ಎದುರು ಮನೆ ಅಕ್ಕನಿಗೆ ಏನು ಹೇಳಲಿ, ಬಾಯಿಬಿಟ್ಟರೆ ಬೈಯುತ್ತಾಳೆ.

ಹುಡುಗ ಐಟಿಐ ಫಿಟ್ಟರ್‌ಗೆ ಅರ್ಜಿ ಹಾಕಿದ್ದಾನೆ. ಮೇಡಂಗೆ ಬೇರೆ ತಾಲ್ಲೂಕಿಗೆ ವರ್ಗ ಆಗಿದೆ. ಸಂಡೂರು ಕಡೆಯವರೇ, ನಿಮ್ಮ ಬಿಆರ್‌ಸಿಗೆ ಹೊಸದಾಗಿ ಬಂದಿರುವ, ಕೈಚೀಲದಲ್ಲಿ ಜೀನ್ಸ್ ಬಟ್ಟೆ ತುಂಡು ಇಟ್ಟುಕೊಂಡು ಓಡಾಡುವ ಮೇಡಂ ಅವರೇ. ಓದಲು ತಡವರಿಸುವ ಮಗು ಮನೆಯಲ್ಲಿ ಇದ್ದರೆ ನಾಳೆಯೇ ಹೋಗಿ ಕೇಳಿ.