ಮನುಷ್ಯರಿಲ್ಲದ ಭೂಮಿಯ ಕುರಿತು ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಮನುಷ್ಯರೆಲ್ಲ ಒಮ್ಮೆಲೇ ಇಲ್ಲವಾದರೆ ಪ್ರಕೃತಿ ತನ್ನದನ್ನೆಲ್ಲ ಮರಳಿ ಪಡೆಯುತ್ತದೆ, ಭೂಮಿ ಮೊದಲಿನಂತೆ ನೆಮ್ಮದಿಯಾಗಿರುತ್ತದೆ ಎಂದು ನೀನು ಬರೆದಿದ್ದೆ. ನಿನ್ನ ಮಾತಿನಲ್ಲಿ ಅರ್ಧದಷ್ಟು ನಿಜವಿದೆ. ಉಳಿದರ್ಧವನ್ನು ನಾನೇಕೆ ಒಪ್ಪಲಾರೆ ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕೆನಿಸಿತು.

ಮೊದಲು ಹೋಗುವುದು ವಿದ್ಯುತ್ತು. ಅದರ ಬೆನ್ನಿಗೇ ನೀರು ನುಗ್ಗುತ್ತದೆ. ನ್ಯೂಯಾರ್ಕಿನ ಸುರಂಗ ರೈಲುಮಾರ್ಗದಿಂದ ಮಳೆಯಿಲ್ಲದ ದಿನಗಳಲ್ಲೂ ಪಂಪುಗಳು ದಿನಕ್ಕೆ ಸುಮಾರು 5 ಕೋಟಿ ಲೀಟರ್ ನೀರನ್ನು ಹೊರಹಾಕುತ್ತಿರುತ್ತವೆ. ನೆದರ್ಲೆಂಡ್ಸ್‌ನ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದ್ದು, ಅದನ್ನು ಒಣಗಿಸಿಟ್ಟಿರುವುದೂ ಒಡ್ಡುಗಳು ಮತ್ತು ಪಂಪುಗಳೇ. ಪರಮಾಣು ಸ್ಥಾವರಗಳ ವಿಷಯ ಇನ್ನೂ ಗಂಭೀರವಾದುದು. ಜಗತ್ತಿನಲ್ಲಿ 400ಕ್ಕೂ ಹೆಚ್ಚು ರಿಯಾಕ್ಟರುಗಳಿವೆ. ಅವು ತಾವಾಗಿಯೇ ಸ್ಥಗಿತಗೊಂಡರೂ, ಬಳಸಿ ತೆಗೆದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳಗಳಲ್ಲಿ ತಂಪಾಗಿಡಬೇಕಾಗುತ್ತದೆ, ಮತ್ತು ತುರ್ತು ಜನರೇಟರುಗಳ ಡೀಸೆಲ್ ಮುಗಿದ ಮೇಲೆ ಆ ನೀರನ್ನು ಹರಿಸುವವರು ಯಾರೂ ಇರುವುದಿಲ್ಲ.

ಕಟ್ಟಡಗಳು ನಿಧಾನವಾಗಿ ಬೀಳುತ್ತವೆ. ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಒಳಗಿಳಿದು ಉಕ್ಕಿನ ಸರಳನ್ನು ಮುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾಗುವುದರಿಂದ ಸರಳು ಉಬ್ಬಿಕೊಂಡು, ತನ್ನನ್ನು ಹೊದ್ದುಕೊಂಡಿರುವ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ; ಬಿರುಕು ಅಗಲವಾದಷ್ಟೂ ಹೆಚ್ಚು ನೀರು, ಹೆಚ್ಚು ತುಕ್ಕು. ಆ ಸಂದಿಯಲ್ಲಿ ಧೂಳು ಕೂರುತ್ತದೆ, ಧೂಳಿನಲ್ಲಿ ಪಾಚಿ ಹುಟ್ಟುತ್ತದೆ, ಯಾವುದೋ ಹಕ್ಕಿಯ ಹಿಕ್ಕೆಯೊಂದಿಗೆ ಬಿದ್ದ ಆಲದ ಜಾತಿಯ ಬೀಜವೊಂದು ಅಲ್ಲೇ ಬೇರು ಬಿಡುತ್ತದೆ. ಕಾಂಬೋಡಿಯಾದ ತಾ ಪ್ರೋಮ್ ದೇವಾಲಯದಲ್ಲಿ ಇಂಥ ಬೇರುಗಳು ಗೋಡೆಯನ್ನು ಎಷ್ಟು ಬಿಗಿಯಾಗಿ ತಬ್ಬಿವೆಯೆಂದರೆ, ಕೆಲವೆಡೆ ಕಲ್ಲನ್ನು ಕೆಡವಿದ್ದೂ ಅವೇ, ಉಳಿದದ್ದು ಬೀಳದಂತೆ ಹಿಡಿದಿಟ್ಟಿರುವುದೂ ಅವೇ. ಅದು 12ನೆಯ ಶತಮಾನದ ಕಲ್ಲಿನ ಕಟ್ಟಡ. ನಮ್ಮ ಕಾಂಕ್ರೀಟಿನ ಗೋಪುರಗಳು ಅಷ್ಟು ಕಾಲ ನಿಲ್ಲುತ್ತವೆಂದು ನನಗನ್ನಿಸುವುದಿಲ್ಲ.

ಇದನ್ನು ಊಹಿಸಿಯೇ ತಿಳಿಯಬೇಕಿಲ್ಲ. ಇಂದಿನ ಉಕ್ರೇನಿನಲ್ಲಿರುವ ಚೆರ್ನೋಬಿಲ್ ಪರಮಾಣು ಸ್ಥಾವರದ ದುರಂತದ ಮರುದಿನ, 1986ರ ಏಪ್ರಿಲ್ 27ರಂದು, ಪ್ರಿಪ್ಯಾತ್ ನಗರದ ಸುಮಾರು 49,000 ಜನರನ್ನು ತೆರವುಗೊಳಿಸಲಾಯಿತು. ಇಂದು ಅಲ್ಲಿನ ಬೀದಿಗಳಲ್ಲಿ ಮರಗಳು ಬೆಳೆದಿವೆ. ಸುತ್ತಲಿನ ನಿಷೇಧಿತ ವಲಯದಲ್ಲಿ ತೋಳ, ಕಾಡುಹಂದಿ, ಲಿಂಕ್ಸ್ ಬೆಕ್ಕುಗಳು ನೆಲೆಸಿವೆ. ವಿಕಿರಣದಿಂದ ಹಾನಿಯಾಗಲಿಲ್ಲವೆಂದು ಇದರ ಅರ್ಥವಲ್ಲ, ಏಕೆಂದರೆ ಸ್ಥಾವರದ ಹತ್ತಿರದ ಪೈನ್ ಕಾಡು ಕೆಂಪಾಗಿ ಸತ್ತೇ ಹೋಯಿತು. ಆದರೂ ಬೇಟೆ, ಬೇಸಾಯ, ವಾಹನಸಂಚಾರ ನಿಂತದ್ದೇ ಪ್ರಾಣಿಗಳಿಗೆ ದೊಡ್ಡ ವರವಾಯಿತು. ಇಲ್ಲಿಯವರೆಗೆ ನಿನ್ನ ಮಾತು ಸರಿ.

ಆದರೆ ಆ ವಲಯದಲ್ಲಿ ಮೇಯುತ್ತಿರುವ ಪ್ರಝೆವಾಲ್ಸ್ಕಿ ಕುದುರೆಗಳನ್ನು ನೋಡು. ಮಂಗೋಲಿಯಾದ ಬಯಲುಗಳಿಂದ 1960ರ ದಶಕದಲ್ಲಿ ಕಣ್ಮರೆಯಾದ ಈ ಕಾಡುಕುದುರೆ ಉಳಿದುಕೊಂಡದ್ದು ಮೃಗಾಲಯಗಳಲ್ಲಿ ಮಾತ್ರ. 1998ರಲ್ಲಿ ಅವುಗಳನ್ನು ಚೆರ್ನೋಬಿಲ್‌ಗೆ ತಂದು ಬಿಟ್ಟವರು ಮನುಷ್ಯರೇ.

ನಾವು ಹೋದರೂ ನಾವು ಮಾಡಿದ್ದು ಹೋಗುವುದಿಲ್ಲ. ಮೆಕ್ಕೆಜೋಳದ ಕಾಳು ತೆನೆಯಿಂದ ತಾನಾಗಿ ಉದುರದು. ಸಾವಿರಾರು ವರ್ಷ ನಮ್ಮ ಕೈಯಿಂದಲೇ ಬಿತ್ತಿಸಿಕೊಂಡ ಆ ಬೆಳೆ ನಮ್ಮೊಂದಿಗೇ ಹೆಚ್ಚುಕಡಿಮೆ ಕೊನೆಯಾಗುತ್ತದೆ. ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಾವಿರಾರು ವರ್ಷ ಅಲ್ಲೇ ಇರುತ್ತದೆ. ರಿಯಾಕ್ಟರುಗಳಲ್ಲಿ ಹುಟ್ಟುವ ವಿಕಿರಣಶೀಲ ಪ್ಲುಟೋನಿಯಂ-239ರ ಅರ್ಧಾಯುಷ್ಯವೇ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾಗುವ ಕಾಲವೇ, ಸುಮಾರು 24,000 ವರ್ಷ.

ನನ್ನನ್ನು ಹೆಚ್ಚು ಕಾಡುವುದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪ. ಎರಡನೆಯ ಮಹಾಯುದ್ಧದ ನಂತರ ಸರಕಿನೊಂದಿಗೆ ಬಂದಿಳಿದ ಕಂದು ಮರಹಾವು ಅಲ್ಲಿನ ಮೂಲ ಕಾಡುಹಕ್ಕಿಗಳನ್ನು ಬಹುಪಾಲು ತಿಂದು ಮುಗಿಸಿತು. ಹಕ್ಕಿಗಳಿಲ್ಲದೆ ಬೀಜಗಳನ್ನು ದೂರ ಒಯ್ಯುವವರಿಲ್ಲವಾಗಿ, ಕಾಡಿನ ಮರಗಳು ಹರಡುವುದೂ ಕುಂಠಿತವಾಗಿದೆ. ನಾಳೆಯೇ ಮನುಷ್ಯರೆಲ್ಲ ಇಲ್ಲವಾದರೂ ಹಾವುಗಳು ಅಲ್ಲೇ ಇರುತ್ತವೆ. ಗುವಾಮ್ ಹಸಿರಾಗಿಯೇ ಕಂಡೀತು, ಆದರೆ ಅದು ಹಳೆಯ ಗುವಾಮ್ ಆಗಲಾರದು. ಅಲ್ಲಿನ ಮಿಂಚುಳ್ಳಿಯ ಕೊನೆಯ ಕೆಲವು ಹಕ್ಕಿಗಳನ್ನು 1980ರ ದಶಕದಲ್ಲಿ ಹಿಡಿದು ಮೃಗಾಲಯಗಳಲ್ಲಿ ಸಾಕಿ, ಅವುಗಳ ಸಂತತಿಯಲ್ಲಿ 9 ಹಕ್ಕಿಗಳನ್ನು 2024ರಲ್ಲಿ ದೂರದ ಪಾಮೈರಾ ಹವಳದ್ವೀಪದಲ್ಲಿ ಬಿಡಲಾಯಿತು. ಅದಕ್ಕಿಂತ ಒಂದು ವರ್ಷ ಮೊದಲು ಮನುಷ್ಯಕುಲ ಇಲ್ಲವಾಗಿದ್ದರೆ, ಪಂಜರದ ಬಾಗಿಲು ತೆರೆಯುವವರಿಲ್ಲದೆ ಆ ಮಿಂಚುಳ್ಳಿಯ ಕುಲವೂ ನಮ್ಮೊಂದಿಗೇ ಮುಗಿಯುತ್ತಿತ್ತು.

ಇಂತಿ,
ನಿನ್ನ ಅಮ್ಮ